ತಟ್ಟೆಯ ಕೆಳಗಿನ ದುಡ್ಡು

ಮಾರ್ಚ್ ೩, ಸೋಮವಾರ

ಥೂ! ಇವತ್ತು ಒಬ್ಬ ಮಹಾನುಭಾವ ಕುಡಿದು ಉಳಿಸಿದ ಸೂಪಿನ ಬಟ್ಟಲೊಳಗೆ ಟಿಪ್ಸು ಹಾಕಿದ. ಕೈತಪ್ಪಿ ಬಿದ್ದದ್ದಲ್ಲ. ಮೂರು ನಾಣ್ಯ, ಒಂದಾದ ಮೇಲೊಂದು, ನನ್ನ ಮುಖ ನೋಡುತ್ತಲೇ ಬಿಟ್ಟ. ಪ್ಳಕ್, ಪ್ಳಕ್, ಪ್ಳಕ್. ಜೊತೆಗಿದ್ದವರಿಗೆಲ್ಲ ನಗುವೋ ನಗು. ಸೂಪು ಬರುವುದು ತಡವಾಯಿತಂತೆ, ಅದಕ್ಕೆ ಈ ಬಹುಮಾನ. ಬೇಕಿದ್ದರೆ ಕೈಹಾಕಿ ತಗೋ ಅನ್ನುವ ಹಾಗೆ ಬಟ್ಟಲನ್ನು ನನ್ನ ಕಡೆ ತಳ್ಳಿದ. ಆ ಎಂಜಲನ್ನೆಲ್ಲ ಅವನ ಬೋಳುತಲೆಗೆ ಅಭಿಷೇಕ ಮಾಡಿಬಿಡೋಣ ಅನ್ನಿಸಿತು. ಮಾಡಲಿಲ್ಲ. ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಒಳಗೆ ತೊಟ್ಟಿಯ ಮುಂದೆ ಅಕ್ಕ. ಈ ಹೋಟೆಲಲ್ಲಿ ನಾನು ಬಡಿಸುವವಳು, ಅವಳು ತೊಳೆಯುವವಳು. ಏನಾಯ್ತು ಅಂತಲೂ ಕೇಳದೆ ಬಟ್ಟಲಿಗೆ ಕೈಯಿಳಿಸಿ ಮೂರನ್ನೂ ತೆಗೆದಳು, ಸೋಪು ಹಚ್ಚಿ ತಿಕ್ಕಿದಳು, ತಲೆ ಮೇಲಿನ ಹಲಗೆಯ ಮೇಲಿರುವ ಡಬ್ಬಿಗೆ ಹಾಕಿದಳು. "ನಾಣ್ಯಕ್ಕೇನು ಗೊತ್ತು ಪಾಪ, ಯಾರ ಕೈಯಿಂದ ಬಂತು ಅಂತ" ಅಂದಳು. ನಾನಾಗಿದ್ದರೆ ಮೋರಿಗೆ ಎಸೆಯುತ್ತಿದ್ದೆ.

ಆ ಡಬ್ಬಿ ಹಳೇ ಬಿಸ್ಕತ್ತಿನದು. ಮುಚ್ಚಳದ ಮೇಲೆ ಒಂದು ಬೆಕ್ಕು. ಅದರ ಒಂದು ಕಣ್ಣಿದ್ದ ಕಡೆ ಅಕ್ಕ ಚಾಕುವಿನಿಂದ ಸೀಳಿ ಕಿಂಡಿ ಮಾಡಿದ್ದಾಳೆ. ಯಾರ ಟೇಬಲ್ಲಿಗೆ ಏನು ಬಂದರೂ ಆ ಬೆಕ್ಕಿನ ಕಣ್ಣಿಗೆ. ಕೆಲವು ಸಲ ಕಾಸು ತಟ್ಟೆಯ ತಳಕ್ಕೆ ಅಂಟಿಕೊಂಡು ತೊಟ್ಟಿಯವರೆಗೂ ಹೋಗುತ್ತದೆ. ಅಕ್ಕನ ಕೈಗೆ ಸಿಕ್ಕರೆ ಅದೂ ಡಬ್ಬಿಗೇ. ಶನಿವಾರ ಸಂಜೆ ಐದು ಪಾಲು: ನಾನು, ಅಕ್ಕ, ಅಡುಗೆಯ ಮಾಮ, ತರಕಾರಿ ಹೆಚ್ಚುವ ಅವನ ಹೆಂಡತಿ ಅತ್ತೆ, ಆಮೇಲೆ ನನ್ನ ಜೊತೆ ಬಡಿಸುವ ಹಲ್ಗಿಂಜಪ್ಪ. ಅದು ನಾನಿಟ್ಟ ಹೆಸರು. ಗಿರಾಕಿಯ ಕೈ ಜೇಬಿನ ಹತ್ತಿರ ಹೋದರೆ ಸಾಕು, ಇವನ ಮೂವತ್ತೆರಡೂ ಹೊರಗೆ ಬರುತ್ತವೆ. ಅವನನ್ನು ಕಂಡರೆ ನನಗಾಗುವುದಿಲ್ಲ.

ಹಳೇ ಆರ್ಡರ್ ಪುಸ್ತಕದಲ್ಲಿ ಬೆನ್ನು ಖಾಲಿ ಇರುವ ಹಾಳೆ ಬೇಕಾದಷ್ಟಿವೆ. ಇಂಥದ್ದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಹುಳಿತೇಗು ಬರುತ್ತದೆ, ಅದಕ್ಕೆ ಇಲ್ಲಿ ಕಕ್ಕಿಬಿಡುವುದು ಅಂತ ಶುರುಮಾಡಿದ್ದೇನೆ. ಪೆನ್ನೊಂದು ದರಿದ್ರದ್ದು, ಸೋರುತ್ತದೆ. ಬೆರಳೆಲ್ಲ ನೀಲಿ.

ಮಾರ್ಚ್ ೭, ಶುಕ್ರವಾರ

ಹೋಟೆಲು ಕೈ ಬದಲಾಗಿ ಹದಿನೈದು ದಿನವಾಯಿತು. ಹೊಸ ಮಾಲೀಕರ ಮುಖ ಯಾರೂ ಕಂಡಿಲ್ಲ, ಒಬ್ಬ ಮ್ಯಾನೇಜರನ್ನು ಕಳಿಸಿದ್ದಾರೆ. ಮೈಯೆಲ್ಲ ಸೆಂಟು, ಮಾತೆಲ್ಲ ಸಕ್ಕರೆ. ಇವತ್ತು ಎಲ್ಲರನ್ನೂ ಒಲೆಯ ಮುಂದೆ ನಿಲ್ಲಿಸಿಕೊಂಡು "ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ" ಅಂದ. ಹಾಗಂದ ಕೂಡಲೇ ನನಗೆ ಗೊತ್ತಾಯಿತು, ಎಲ್ಲೋ ಕತ್ತರಿ ಬಿತ್ತು ಅಂತ.

ಬಿತ್ತು. ಈ ತಿಂಗಳಿಂದ ಎಲ್ಲರ ಸಂಬಳದಲ್ಲೂ ಮೂರರಲ್ಲೊಂದು ಭಾಗ ಕಡಿತ. ಯಾಕಪ್ಪಾ ಅಂದರೆ "ಟಿಪ್ಸು ಬರುತ್ತಲ್ಲ." ಡಬ್ಬಿ ಇನ್ನು ಬೇಡ, ಯಾರ ಟೇಬಲ್ಲಿನ ಟಿಪ್ಸು ಅವರಿಗೇ. ಆಗಲೇ ಎಲ್ಲರಿಗೂ ಗಿರಾಕಿಯ ಮೇಲೆ ಪ್ರೀತಿ ಹುಟ್ಟುವುದಂತೆ. ಪ್ರೀತಿ!

ಮಾಮ ಸೌಟು ಹಿಡಿದುಕೊಂಡೇ ಕೇಳಿದ: "ಸಾರ್, ನಾವು ಒಳಗಿರೋರು. ನಮಗೆ ಯಾರು ಕೊಡ್ತಾರೆ?"

"ಹೊರಗೆ ಬಡಿಸೋರು ಇಷ್ಟಪಟ್ಟು ಏನಾದ್ರೂ ಕೊಟ್ರೆ ಕೊಡಲಿ, ನಾನೇನು ಬೇಡ ಅಂತೀನಾ? ಅವರನ್ನ ಖುಷಿಯಾಗಿಟ್ಕೊಳ್ಳಿ, ಅಷ್ಟೇ."

ಹಲ್ಗಿಂಜಪ್ಪ ಕಿಸಕ್ಕನೆ ನಕ್ಕ. ಅಕ್ಕ ಅಷ್ಟು ಹೊತ್ತೂ ಪಾತ್ರೆ ತಿಕ್ಕುತ್ತಲೇ ಇದ್ದಳು. ಡಬ್ಬಿ ಎಸೆದುಬಿಡು ಅಂದಿದ್ದ ಮ್ಯಾನೇಜರ್. ಅವನು ಹೋದ ಮೇಲೆ ಅಕ್ಕ ಅದನ್ನು ಹಲಗೆಯ ಮೂಲೆಗೆ ಸರಿಸಿ, ಮುಂದೆ ತಿಕ್ಕುವ ನಾರಿನ ಕಟ್ಟು ಇಟ್ಟಳು. "ಇರಲಿ ಬಿಡೇ, ಅದೇನು ಅನ್ನ ಕೇಳುತ್ತಾ" ಅಂದಳು.

ಮಾರ್ಚ್ ೧೫, ಶನಿವಾರ

ಡಬ್ಬಿಯಲ್ಲಿ ಉಳಿದಿದ್ದನ್ನು ಹೋದ ವಾರ ಹಂಚಿಕೊಂಡಿದ್ದೆವು, ಇದು ಡಬ್ಬಿ ಇಲ್ಲದ ಮೊದಲ ಶನಿವಾರ. ಸಂಜೆ ಹೋಟೆಲು ಮುಚ್ಚುವಾಗ ಮಾಮನೂ ಅತ್ತೆಯೂ ಅಭ್ಯಾಸಬಲದಿಂದ ತೊಟ್ಟಿಯ ಹತ್ತಿರ ಬಂದು ನಿಂತರು. ಆಮೇಲೆ ನೆನಪಾಗಿ ಕೈ ಒರೆಸಿಕೊಂಡು ಹೋದರು. ನೋಡಲಾಗಲಿಲ್ಲ.

ಹಲ್ಗಿಂಜಪ್ಪನ ನಾಟಕ ಹೇಳತೀರದು. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಅಂತ ಪ್ರತಿ ಟೇಬಲ್ಲಿಗೂ ಹೇಳುತ್ತಾನೆ, ಕಣ್ಣಲ್ಲಿ ನೀರು ಬೇರೆ. ಆ ಹೆಂಗಸು ನಿನ್ನೆ ತಾನೇ ಇವನು ಮರೆತ ಕೊಡೆ ತಂದುಕೊಟ್ಟು ಹೋದಳು, ಗುಂಡುಕಲ್ಲಿನ ಹಾಗಿದ್ದಾಳೆ. ಇಂಥ ಬದುಕು ಬದುಕುವುದಕ್ಕಿಂತ ಕೆರೆಯೋ ಬಾವಿಯೋ ನೋಡಿಕೊಳ್ಳಬಾರದೇ ಈ ಮನುಷ್ಯ?

ಮನೆಗೆ ಬಂದು ನನಗೆ ಬಂದದ್ದನ್ನು ಮಂಚದ ಮೇಲೆ ಸುರಿದೆ. ಅರ್ಧ ನನಗೆ, ಅರ್ಧ ಅಕ್ಕನಿಗೆ. ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ತನ್ನ ತಟ್ಟೆಯದನ್ನು ಅರ್ಧ ಮಾಡಿಯೇ ನನ್ನನ್ನು ಇಷ್ಟೆತ್ತರ ಮಾಡಿದ್ದಾಳೆ. ಈಗಲೂ ಗಿರಾಕಿಗಳು ಬಿಟ್ಟುಹೋದ ಸಕ್ಕರೆಬಿಲ್ಲೆಯನ್ನು ಕಾಗದದ ಸಮೇತ ನನಗೆ ಅಂತ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಾಳೆ. ಮೂವತ್ತೆರಡು ವರ್ಷದ ಕತ್ತೆ ನಾನು.

"ಮಾಮನಿಗೂ ಅತ್ತೆಗೂ?" ಅಂದಳು.

"ಅವರದ್ದು ಹಲ್ಗಿಂಜಪ್ಪ ನೋಡ್ಕೊಳ್ಲಿ. ಎಲ್ಲಾರ್ನೂ ನಾನೇ ಸಾಕ್ಲಾ?"

ಅಕ್ಕ ಕೈಗೆ ಮುಲಾಮು ಹಚ್ಚಿಕೊಂಡಳು. ತೊಟ್ಟಿಯ ನೀರಿಗೆ ಅವಳ ಬೆರಳ ಸಂದುಗಳೆಲ್ಲ ಬಿರಿದಿವೆ.

ಮಾರ್ಚ್ ೨೨, ಶನಿವಾರ

ಮೂರನೇ ಟೇಬಲ್ಲಿಗೆ ಒಬ್ಬ ಬರಲು ಶುರುಮಾಡಿದ್ದಾನೆ, ನಾಲ್ಕು ಬೆರಳಿಗೆ ನಾಲ್ಕು ಉಂಗುರ. ಮೀನು ತಿಂದು ಅದೇ ಬೆರಳು ನೆಕ್ಕುತ್ತಾ, ಅದೇ ಬೆರಳಲ್ಲಿ ಚಿಟಿಕೆ ಹೊಡೆದು ಕರೆಯುತ್ತಾನೆ. ಟಿಪ್ಸು ಕೈಗೆ ಕೊಡುವವನಲ್ಲ. ತಟ್ಟೆಯ ಕೆಳಗೆ ಒತ್ತಿಟ್ಟು ಹೋಗುತ್ತಾನೆ, ಹುಡುಕಿಕೊಳ್ಳಲಿ ಅಂತ. ಆದರೆ ನೋಟು. ನಾಣ್ಯವಲ್ಲ.

"ಮನೇಲಿ ಮಕ್ಕಳೆಷ್ಟು?" ಅಂತ ಕೇಳಿದ. ಮದುವೆಯೇ ಇಲ್ಲ, ಮಕ್ಕಳೆಲ್ಲಿಂದ ಬರಬೇಕು? ಆದರೆ ಬಾಯಿಂದ "ಒಂದು" ಅಂತ ಬಂತು. ಸುಳ್ಳು ಅಂತ ಹೇಳಲಾಗುವುದಿಲ್ಲ. ಅವನಾಗೇ ಕೇಳಿದ, ನಾನು ಏನೋ ಒಂದು ಅಂದೆ. ಹಲ್ಗಿಂಜಪ್ಪನ ಹಾಗೆ ಟೇಬಲ್ಲಿನಿಂದ ಟೇಬಲ್ಲಿಗೆ ಅತ್ತುಕೊಂಡು ತಿರುಗಿದೆನೇ? ಇಲ್ಲವಲ್ಲ.

ಇನ್ನೊಂದು ಕಂಡುಕೊಂಡೆ. ಬಿಲ್ಲು ಕೊಟ್ಟ ಮೇಲೆ ದೂರ ಹೋಗಬಾರದು. ತುಸು ಪಕ್ಕದಲ್ಲಿ ನಿಂತು, ಮುಖದಲ್ಲಿ ಸ್ವಲ್ಪ ನಗು ಇಟ್ಟುಕೊಂಡು, ಖಾಲಿ ಲೋಟ ಸರಿಸುತ್ತಿರಬೇಕು. ಕಾಯುತ್ತಿದ್ದೇವೆ ಅಂತ ಅನ್ನಿಸಲೂ ಬಾರದು, ಅನ್ನಿಸದೆಯೂ ಇರಬಾರದು.

ಮಾರ್ಚ್ ೩೦, ಭಾನುವಾರ

ಮಗುವಿಗೆ ಮೂರು ವರ್ಷ. ಕೆಮ್ಮು. ಉಂಗುರದವನು ದಿನಾ ವಿಚಾರಿಸುತ್ತಾನೆ, ನಾನು ದಿನಾ ವರದಿ ಕೊಡುತ್ತೇನೆ. ಇವತ್ತು ಮಗುವಿಗೆ ಸ್ವಲ್ಪ ಜ್ವರ ಬರಿಸಿದೆ, ನೋಟು ಎರಡಾಯಿತು. ಈ ಗಂಡಸರನ್ನು ಕಂಡರೆ ಎಂಥ ಹೇಸಿಗೆ! ಜ್ವರವಿಲ್ಲದಿದ್ದರೆ ಕರುಣೆ ಹುಟ್ಟುವುದಿಲ್ಲ ಇವರಿಗೆ.

ದಿನವಿಡೀ ಕೆನ್ನೆ ನೋಯುತ್ತದೆ. ನಕ್ಕು ನಕ್ಕು. ಪಾತ್ರೆ ತಿಕ್ಕುವವರಿಗೆ ಈ ನೋವು ಏನು ಗೊತ್ತು? ತೊಟ್ಟಿಯ ಮುಂದೆ ಹೇಗೆ ಬೇಕಾದರೂ ಮುಖ ಮಾಡಿಕೊಂಡು ನಿಲ್ಲಬಹುದು.

ಅರ್ಧ ಅರ್ಧ ಅಂತ ಮಂಚದ ಮೇಲೆ ಸುರಿದು ಎಣಿಸುವುದನ್ನು ಬಿಟ್ಟೆ. ಮನೆಯೊಳಗೆ ಎಂಥ ಲೆಕ್ಕ? ಇಷ್ಟಪಟ್ಟು ಕೊಡುವುದರಲ್ಲಿ ಒಂದು ಚೆಂದವಿದೆ. ಊಟವಾದ ಮೇಲೆ ನನ್ನ ತಟ್ಟೆಯ ಕೆಳಗೆ ಒಂದು ನೋಟು ಇಟ್ಟು ಎದ್ದೆ. ಅಕ್ಕ ತಟ್ಟೆ ಎತ್ತಿದಳು, ನೋಟು ನೋಡಿದಳು, ನನ್ನನ್ನು ನೋಡಿದಳು. ನಾನು ತುಸು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತಿಲ್ಲ, ಒಂದು ನಗುವಿಲ್ಲ. ನೋಟು ಮಡಿಸಿ ಜೇಬಿಗಿಟ್ಟು ಪಾತ್ರೆ ತೊಳೆಯಲು ಕೂತಳು.

ಮೊನ್ನೆ ಅವಳ ಕೈಗೆ ಅಂತ ರಬ್ಬರ್ ಕೈಗವಸು ತಂದುಕೊಟ್ಟಿದ್ದೆ, ಒಳ್ಳೇ ಜಾತಿಯದು. ಆಗಲೂ ಇಷ್ಟೇ. "ಇರಲಿ" ಅಂದಳು. ಇರಲಿ! ಕೊಟ್ಟವರ ಮುಖ ನೋಡಿ ಒಂದು ಸಲ ನಕ್ಕರೆ ಇವಳ ಗಂಟೇನು ಹೋಗುತ್ತದೆ?

ಏಪ್ರಿಲ್ ೫, ಶನಿವಾರ

ಗಂಜಿ ತಣ್ಣಗಿತ್ತು. ಉಪ್ಪೂ ಇರಲಿಲ್ಲ. ಇವತ್ತು ತಟ್ಟೆಯ ಕೆಳಗೆ ಏನೂ ಇಡಲಿಲ್ಲ.

ಏಪ್ರಿಲ್ ೮, ಮಂಗಳವಾರ

ವಾರದ ರಜೆ. ಅಕ್ಕನಿಗೂ ಇವತ್ತೇ ರಜೆ. ಈ ಒಂದು ಕೋಣೆಯಲ್ಲಿ ಇಬ್ಬರೂ ಇದ್ದರೆ ಉಸಿರುಕಟ್ಟುತ್ತದೆ. ಅವಳ ಮೈಯಿಂದ ತೊಟ್ಟಿಯ ವಾಸನೆ ಬರುತ್ತದೆ, ಹಳೇ ಸೂಪು, ಸೋಡಾ, ಕೊಳೆತ ನಾರು. ಮುಂಚೆ ನನಗೆ ಗೊತ್ತಾಗುತ್ತಿರಲಿಲ್ಲ. ಕಿಟಕಿ ತೆಗೆದಿಟ್ಟೆ. ಅಕ್ಕನಿಗೆ ತಿಳಿಯಿತು ಅಂತ ಕಾಣುತ್ತದೆ, ಎದ್ದು ಇನ್ನೊಂದು ಸಲ ಸ್ನಾನ ಮಾಡಿ ಬಂದಳು. ನಾನೇನೂ ಹೇಳಿರಲಿಲ್ಲವಲ್ಲ.

"ಅತ್ತೆ ಬೇರೆ ಕಡೆ ಕೆಲಸ ನೋಡ್ತಿದ್ದಾಳಂತೆ ಕಣೇ. ಸಂಬಳ ಸಾಲ್ತಿಲ್ಲ" ಅಂದಳು.

"ಅದಕ್ಕೆ ನಾನೇನು ಮಾಡ್ಲಿ? ಹೊರಗೆ ಬಂದು ಬಡಿಸಲಿ. ಯಾರು ಬೇಡ ಅಂದ್ರು?"

ಎಪ್ಪತ್ತರ ಹತ್ತಿರದ ಮುದುಕಿ ಹೊರಗೆ ಬಂದು ಏನು ಬಡಿಸುತ್ತಾಳೆ ಅಂತ ಅಕ್ಕ ಕೇಳಬಹುದಿತ್ತು. ಕೇಳಲಿಲ್ಲ. ಈ ಮೌನವೇ ನನಗೆ ಮೈಯುರಿಸುವುದು.

ಏಪ್ರಿಲ್ ೧೨, ಶನಿವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಉಂಗುರದವನು ಹತ್ತು ಜನರನ್ನು ಕರೆದುಕೊಂಡು ಬಂದಿದ್ದ. ಮೂರು ಟೇಬಲ್ ಜೋಡಿಸಿದೆ. ಎರಡು ಗಂಟೆ ಕುಣಿಸಿದರು. ಒಬ್ಬನಿಗೆ ಮುಳ್ಳು ಬಿಡಿಸಿ ಕೊಡಬೇಕು, ಒಬ್ಬನಿಗೆ ಐಸು, ಇನ್ನೊಬ್ಬ ಚಮಚ ಬೀಳಿಸುವುದು, ನಾನು ಬಗ್ಗಿ ಎತ್ತುವುದು, ಅವನು ಮತ್ತೆ ಬೀಳಿಸುವುದು. ನಕ್ಕೆ. ಎಲ್ಲದಕ್ಕೂ ನಕ್ಕೆ. ಹೊರಡುವಾಗ ಉಂಗುರದವನು ಬೆನ್ನು ತಟ್ಟಿ "ತಟ್ಟೆ ಕೆಳಗಿದೆ, ದೊಡ್ಡದು. ಮಗೂನ ಒಳ್ಳೇ ಡಾಕ್ಟ್ರಿಗೆ ತೋರಿಸು" ಅಂದ. ಬೆನ್ನ ಮೇಲೆ ಆ ಕೈ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು. ಅದಕ್ಕೂ ನಕ್ಕೆ.

ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಗುಂಪು, ಮ್ಯಾನೇಜರ್ ಚಪ್ಪಾಳೆ ತಟ್ಟಿ "ಬೇಗ ಬೇಗ" ಅಂತಿದ್ದ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ತೊಟ್ಟಿಗಿಟ್ಟು ಬಂದೆ. ಟೇಬಲ್ ಒರೆಸುವಾಗ ನೋಡುತ್ತೇನೆ, ನೋಟಿಲ್ಲ. ಬಟ್ಟೆ ಕೊಡವಿದೆ, ಕುರ್ಚಿಗಳ ಕೆಳಗೆ ತೆವಳಿದೆ. ಇಲ್ಲ. ತಟ್ಟೆಯ ಜೊತೆ ತೊಟ್ಟಿಗೆ ಹೋಗಿದೆ.

ಓಡಿದೆ. ಅಷ್ಟರಲ್ಲಿ ಅಕ್ಕ ಎಲ್ಲ ತಟ್ಟೆ ತೊಳೆದು ಓರಣವಾಗಿ ನಿಲ್ಲಿಸಿದ್ದಳು.

"ಅಕ್ಕಾ, ನೋಟೆಲ್ಲಿ?"

"ಸಿಕ್ತು. ಯಾವತ್ತೂ ಇಡೋ ಕಡೆ ಇಟ್ಟೆ" ಅಂದಳು, ತಲೆಯೆತ್ತದೆ.

"ಯಾವತ್ತೂ ಇಡೋ ಕಡೆ ಅಂದ್ರೆ? ನಿನ್ನ ಜೇಬಾ?"

ಅಕ್ಕ ನಲ್ಲಿ ನಿಲ್ಲಿಸಿದಳು. ತಿರುಗಿ ನನ್ನನ್ನು ನೋಡಿದಳು. ನಾನು ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಹೊರಗೆ ನಾನು ಹಲ್ಲುಗಿಂಜಿ ಬೆನ್ನು ಸವರಿಸಿಕೊಂಡು ಸಂಪಾದಿಸುವುದು, ಒಳಗೆ ನೀನು ಕೂತು ನುಂಗುವುದು ಅಂತ ಎಲ್ಲರ ಎದುರಿಗೆ ಕೂಗಿದೆ. ಕೊಟ್ಟಿದ್ದು ಸಾಲದಾ ನಿಂಗೆ ಅಂದೆ. ಮಾಮ "ಸಾಕು ಸುಮ್ನಿರೇ" ಅಂತ ಬಂದ. ಅವನ ಹಿಂದೆಯೇ ಸೆಂಟಿನ ವಾಸನೆ ಬಂತು.

"ಜೇಬು ತೋರಿಸಮ್ಮ" ಅಂದ ಮ್ಯಾನೇಜರ್.

ಅಕ್ಕ ಅವನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ನಾನು ತಟ್ಟೆಗಳನ್ನು ನೋಡುತ್ತಿದ್ದೆ. ಅವಳು ಏಪ್ರನ್ನಿನ ಜೇಬನ್ನು ಹೊರಗೆಳೆದು ತೋರಿಸಿದಳು. ಮುಲಾಮಿನ ಟ್ಯೂಬು, ಒಂದು ಪಿನ್ನು, ಕಾಗದ ಸುತ್ತಿದ ಎರಡು ಸಕ್ಕರೆಬಿಲ್ಲೆ. ನೋಟಿರಲಿಲ್ಲ. "ಎಲ್ಲೋ ಬಚ್ಚಿಟ್ಟಿದ್ದಾಳೆ, ಇಂಥವರನ್ನ ನಾನು ಬೇಕಾದಷ್ಟು ನೋಡಿದ್ದೀನಿ" ಅಂದ ಮ್ಯಾನೇಜರ್. ಅಕ್ಕ ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಹಾಕಿ ಹಿಂಬಾಗಿಲಿಂದ ಹೋದಳು. ಸಕ್ಕರೆಬಿಲ್ಲೆ ತೊಟ್ಟಿಯ ಅಂಚಿನಲ್ಲೇ ಬಿಟ್ಟಿದ್ದಳು. ನೀರು ತಾಗಿ ಕರಗುತ್ತಿದ್ದವು.

ಏಪ್ರಿಲ್ ೧೩, ಭಾನುವಾರ

ನಿನ್ನೆ ಸಂಜೆ ಬಂದಾಗ ಗಂಜಿ ಮಾಡಿ ಮುಚ್ಚಿಟ್ಟಿತ್ತು. ಬಿಸಿಯಿತ್ತು. ಅಕ್ಕನ ಹೊದಿಕೆ ಇಲ್ಲ, ಬಾಚಣಿಗೆ ಇಲ್ಲ, ಚಪ್ಪಲಿ ಇಲ್ಲ.

ಏಪ್ರಿಲ್ ೧೯, ಶನಿವಾರ

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದಾಳಂತೆ, ಅಲ್ಲೇ ಮಲಗಲು ಜಾಗವಿದೆಯಂತೆ. ಮಾಮ ಹೇಳಿದ, ನನ್ನ ಮುಖ ನೋಡದೆ ಹೇಳಿದ. ಆರಾಮಾಗಿರಲಿ. ಕದ್ದದ್ದು ಕದ್ದದ್ದೇ, ಬಾಯಿಬಿಟ್ಟು ಹೇಳಿದ್ದರೆ ನಾನೇ ಬಿಟ್ಟುಬಿಡುತ್ತಿದ್ದೆ.

ತೊಟ್ಟಿಗೆ ಹೊಸಬಳು ಬಂದಿದ್ದಾಳೆ. ಐವತ್ತು ದಾಟಿದ ಹೆಂಗಸು, ಬಾಯಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಉಂಗುರದವನು ಇವತ್ತು ಮಗುವಿನ ಫೋಟೋ ಕೇಳಿದ. ಮನೆಯಲ್ಲಿ ಮರೆತು ಬಂದೆ ಅಂದೆ. ನಾಳೆ ತಾ ಅಂದ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ, ಮೀನು ಸರಿಯಿರಲಿಲ್ಲವೇನೋ.

ಕೋಣೆಯಲ್ಲಿ ಈಗ ಯಾವ ವಾಸನೆಯೂ ಇಲ್ಲ.

ಏಪ್ರಿಲ್ ೨೪, ಗುರುವಾರ

ಬೆಳಿಗ್ಗೆ ಹೊಸಬಳು ಹಲಗೆ ಒರೆಸುತ್ತಾ "ಇದನ್ನ ಏನ್ ಮಾಡ್ಲಿ? ಭಾರ ಇದೆ" ಅಂದಳು. ಅವಳು ಮಾತಾಡಿದ್ದು ಅದೇ ಮೊದಲು. ಕೈಯಲ್ಲಿ ಒಕ್ಕಣ್ಣಿನ ಬೆಕ್ಕು.

ನಾನು ಆ ಡಬ್ಬಿಯನ್ನು ಮರೆತೇಬಿಟ್ಟಿದ್ದೆ. ಎಂಟು ವರ್ಷ ಅದಕ್ಕೆ ಕಾಸು ಹಾಕಿದವಳು, ಆರು ವಾರದಲ್ಲಿ ಮರೆತಿದ್ದೆ.

ತೆರೆದೆ. ಎಲ್ಲಕ್ಕಿಂತ ಮೇಲೆ ಆ ದೊಡ್ಡ ನೋಟು. ತೊಳೆದು, ಒರೆಸಿ, ಕಿಂಡಿಗೆ ಸರಿಯಾಗುವಂತೆ ನೀಟಾಗಿ ಮಡಿಸಿ ಹಾಕಿದ್ದಾಳೆ. ಅಂಚಿಗೆ ಮೀನಿನ ಎಣ್ಣೆಯ ಕಲೆ ಹಾಗೇ ಇದೆ. ಅದರ ಕೆಳಗೆ ತಟ್ಟೆಗಳಿಗೆ ಅಂಟಿಕೊಂಡು ಬಂದ ಚಿಲ್ಲರೆ, ನನ್ನ ಟೇಬಲ್ಲಿನದು ಯಾವುದೋ, ಹಲ್ಗಿಂಜಪ್ಪನದು ಯಾವುದೋ. ಡಬ್ಬಿ ಬೇಡ ಅಂತ ಮ್ಯಾನೇಜರ್ ಹೇಳಿದ ದಿನದಿಂದಲೂ ಅಕ್ಕನ ಕೈ ಅದಕ್ಕೇ ಹಾಕುತ್ತಿತ್ತು. ಯಾವತ್ತೂ ಇಡೋ ಕಡೆ.

ಅದರ ಕೆಳಗೆ ಇನ್ನೂ ಕೆಲವು ನೋಟುಗಳಿದ್ದವು. ಮೂಲೆಯಲ್ಲಿ ನೀಲಿ ಬೆರಳಗುರುತು. ಈ ದರಿದ್ರ ಪೆನ್ನಿನ ಶಾಯಿ. ನಾನು ಮನೆಯಲ್ಲಿ ನನ್ನ ತಟ್ಟೆಯ ಕೆಳಗೆ ಇಟ್ಟವು, ಅಷ್ಟಕ್ಕಷ್ಟೂ. ಅರ್ಧ ಅರ್ಧ ಮಾಡಿದ ದಿನದ್ದು ಒಂದೂ ಇರಲಿಲ್ಲ, ಅದನ್ನು ತನ್ನದು ಅಂತ ಇಟ್ಟುಕೊಂಡಿದ್ದಾಳೆ. ತಟ್ಟೆಯ ಕೆಳಗಿನದನ್ನು ಮಾತ್ರ ತಂದು ಇಲ್ಲಿ ಹಾಕಿದ್ದಾಳೆ. ಹಲಗೆಯ ಮೂಲೆಯಲ್ಲಿ ರಬ್ಬರ್ ಕೈಗವಸು, ಕಟ್ಟು ಕೂಡ ಬಿಚ್ಚಿಲ್ಲ.

ಹಳೇ ಪುಟಗಳನ್ನು ತಿರುಗಿಸಿ ಓದಿದೆ. ಸೂಪಿನ ಬಟ್ಟಲಿನವನ ಮೇಲೆ ಎಷ್ಟು ಉಗಿದಿದ್ದೇನೆ! ಅವನೇ ವಾಸಿ, ಅವನು ಎಸೆದದ್ದು ಗುರುತಿಲ್ಲದ ಯಾರೋ ಒಬ್ಬಳಿಗೆ. ನನ್ನ ಮೈ ನನಗೇ ನಾರುತ್ತಿದೆ.

ಏಪ್ರಿಲ್ ೨೯, ಮಂಗಳವಾರ

ರಜೆ. ಡಬ್ಬಿ ಚೀಲಕ್ಕೆ ಹಾಕಿಕೊಂಡು ಲಾಂಡ್ರಿಗೆ ಹೋದೆ. ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಬಂದಳು. ಬಿಳೀ ಟೋಪಿ, ಕೈಗೆ ಬಟ್ಟೆಯ ಪಟ್ಟಿ. ಸ್ವಲ್ಪ ಸಣ್ಣಗಾಗಿದ್ದಾಳೆ.

"ತಪ್ಪಾಯ್ತು ಅಕ್ಕಾ" ಅಂದೆ. ಅಷ್ಟನ್ನು ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

"ಹ್ಞೂಂ" ಅಂದಳು.

ಡಬ್ಬಿ ಮುಂದೆ ಹಿಡಿದೆ. "ಇಷ್ಟೂ ನಿಂಗೇ."

ಮುಚ್ಚಳ ತೆಗೆದು ನೋಡಿದಳು. "ಮಾಮನಿಗೆ ಕೊಟ್ಯಾ?"

"ಇಲ್ಲ."

"ಅತ್ತೆಗೆ?"

"ಇದು ನಿಂಗೇ ಅಂತ ಹಾಗೇ ತಂದೆ ಅಕ್ಕಾ. ಒಂದು ಕಾಸೂ ತೆಗೆದಿಲ್ಲ."

"ಹಾಗಾದ್ರೆ ಇದು ಪಾಲಲ್ಲ" ಅಂದಳು. "ಪಾಲಾದ್ರೆ ತಗೋತೀನಿ. ಟಿಪ್ಸು ಬೇಡ ನಂಗೆ."

ಮುಚ್ಚಳ ಹಾಕಿ, ಎರಡೂ ಕೈಯಿಂದ ಡಬ್ಬಿಯನ್ನು ನನ್ನ ಕಡೆ ತಳ್ಳಿ, ಒಳಗೆ ಹೋದಳು. ನಾನು ಅಲ್ಲೇ ಇದ್ದೆ. ಮುಖ ನೋವಾದಾಗ ಗೊತ್ತಾಯಿತು, ಅಷ್ಟು ಹೊತ್ತೂ ನಾನು ನಗುತ್ತಾ ನಿಂತಿದ್ದೆ. ಬಿಲ್ಲು ಕೊಟ್ಟ ಮೇಲೆ ನಿಲ್ಲುವ ಹಾಗೆ.

ಮೇ ೩, ಶನಿವಾರ

ಉಂಗುರದವನಿಗೆ ಮೊನ್ನೆಯೇ ಹೇಳಿಬಿಟ್ಟೆ, ನನಗೆ ಮಗುವಿಲ್ಲ, ಜ್ವರವೂ ಇಲ್ಲ ಅಂತ. ಬಾಯಿ ತೆರೆದುಕೊಂಡು ಕೂತ. ಆಮೇಲೆ ಹಲ್ಗಿಂಜಪ್ಪನ ಟೇಬಲ್ಲಿಗೆ ಎದ್ದು ಹೋದ. ಹೋಗಲಿ, ಅಲ್ಲಿ ಅವನಿಗೆ ಹೆಂಡತಿಯ ಆಪರೇಷನ್ನು ಕಾದಿದೆ.

ಸಂಜೆ ಬಾಗಿಲು ಹಾಕಿದ ಮೇಲೆ ಡಬ್ಬಿಯನ್ನು ತರಕಾರಿ ಹೆಚ್ಚುವ ಮಣೆಯ ಮೇಲೆ ಸುರಿದೆ. ಈ ವಾರದ ನನ್ನ ಟಿಪ್ಸನ್ನೂ ಅದರ ಮೇಲೇ ಹಾಕಿದೆ. ಮ್ಯಾನೇಜರ್ ಬಂದ.

"ಏನಿದು? ಡಬ್ಬಿ ಬೇಡ ಅಂದಿದ್ನಲ್ಲ?"

"ಇಷ್ಟಪಟ್ಟು ಕೊಟ್ರೆ ಕೊಡಲಿ ಅಂತ ನೀವೇ ಅಂದಿದ್ರಲ್ಲ ಸಾರ್. ಇಷ್ಟ ಆಯ್ತು, ಕೊಡ್ತಿದೀನಿ."

ಅವನು ಏನೋ ಹೇಳಲು ಹೋದ. ಮಾಮ ಕೈಯಲ್ಲಿ ದೊಡ್ಡ ಸೌಟು ಹಿಡಿದು ಸುಮ್ಮನೆ ಪಕ್ಕಕ್ಕೆ ಬಂದು ನಿಂತ. ಅತ್ತೆಯೂ ಚಾಕು ಒರೆಸುತ್ತಾ ಬಂದಳು. ಮ್ಯಾನೇಜರ್ ಸೆಂಟಿನ ಸಮೇತ ಹೊರಗೆ ಹೋದ. ನಾಳೆ ನನ್ನನ್ನು ಕಿತ್ತುಹಾಕಿದರೂ ಹಾಕಬಹುದು.

ಆರು ಪಾಲು ಮಾಡಿದೆ. ಹಲ್ಗಿಂಜಪ್ಪ "ನಿಂಗೆ ತಲೆ ಕೆಟ್ಟಿದೆ" ಅನ್ನುತ್ತಲೇ ಕೈ ಒಡ್ಡಿದ. ಅವನದನ್ನು ಅವನ ಕೈಗಿಟ್ಟೆ. ನನಗೇ ಮೂವತ್ತೆರಡೂ ಹಲ್ಲು ತೋರಿಸಿದ! ಥೂ, ಆ ನಗುವನ್ನು ಎಲ್ಲಿ ನೋಡಿದ್ದೇನೆ ಅಂತ ಹುಡುಕಬೇಕಾಗಿರಲಿಲ್ಲ. ಮಾಮ, ಅತ್ತೆ ಎಣಿಸಿಕೊಂಡರು. ಹೊಸಬಳು ತನ್ನದನ್ನು ಎರಡು ಸಲ ಎಣಿಸಿ "ಒಂದು ನಾಣ್ಯ ಕಮ್ಮಿ ಇದೆ" ಅಂದಳು. ಹೌದು, ಮಣೆಯ ಸಂದಿಗೆ ಬಿದ್ದಿತ್ತು. ತೆಗೆದುಕೊಟ್ಟೆ. ತಗೊಂಡು ಹೋದಳು. ಈ ಹೆಂಗಸು ನನಗೆ ಹಿಡಿಸಿದಳು.

ಮೇ ೬, ಮಂಗಳವಾರ

ಲಾಂಡ್ರಿಯ ಗೇಟಿಗೆ ಹೋದೆ, ಒಂದೇ ಪಾಲು ಕಾಗದದಲ್ಲಿ ಸುತ್ತಿಕೊಂಡು. ಇನ್ನೂ ಕೆಲಸದಿಂದ ತೆಗೆದಿಲ್ಲ, ಶನಿವಾರ ಬರಲಿ ನೋಡೋಣ.

ಅಕ್ಕ ಕಾಗದ ಬಿಚ್ಚಿದಳು.

"ಎಷ್ಟು ಪಾಲು ಮಾಡ್ದೆ?"

"ಆರು. ಹೊಸಬಳದ್ದೂ ಸೇರಿ."

"ಅವನಿಗೂ ಕೊಟ್ಯಾ? ಹಲ್ಗಿಂಜಪ್ಪಂಗೆ?"

"ಕೊಟ್ಟೆ. ಹೊಟ್ಟೆ ಉರೀತು, ಕೊಟ್ಟೆ."

ಗೇಟಿನ ಕಂಬಕ್ಕೆ ಒರಗಿ ಒಂದೊಂದೇ ಎಣಿಸಿದಳು. ಸರಿಯಾಗಿತ್ತು. ಜೇಬಿಗಿಟ್ಟುಕೊಂಡಳು. ನಗಲಿಲ್ಲ. ನಾನೂ ಅದಕ್ಕೆ ಕಾದು ನಿಲ್ಲಲಿಲ್ಲ. ಬರ್ತೀನಿ ಅಂತ ಹೇಳಿ ಹೊರಟೆ. ನಾಲ್ಕು ಹೆಜ್ಜೆ ಹೋಗಿದ್ದೆ.

"ಊಟ ಆಯ್ತೇನೇ?" ಅಂದಳು ಹಿಂದಿನಿಂದ.